ಮನೆಯ ಪ್ರಿಂಟರ್ ಇಂಕ್, ಹಾಳೆ ಎರಡನ್ನೂ ನುಂಗುತ್ತಿದೆಯಾ? ಹೀಗೆ ಮಾಡಿ ನೋಡಿ

ಹೋದ ಆಷಾಢದ ಒಂದು ರಾತ್ರಿ. ಸಾಗರದಲ್ಲಿ ಜಡಿಮಳೆ. ಮಗಳ ಶಾಲೆಯ ಪ್ರಾಜೆಕ್ಟ್‌ಗೆ ನಾಲ್ಕೇ ನಾಲ್ಕು ಹಾಳೆ ಪ್ರಿಂಟ್ ಬೇಕಿತ್ತು. ಮೊದಲ ಹಾಳೆ ಬಂತು, ಅಕ್ಷರಗಳ ನಡುವೆ ಬಿಳಿ ಗೆರೆ. ಹೆಡ್ ಕ್ಲೀನಿಂಗ್ ಕೊಟ್ಟೆ. ಮತ್ತೆ ಪ್ರಿಂಟ್, ಮತ್ತೆ ಅದೇ ಗೆರೆ. ಹೀಗೆ ಐದು ಸಲ ಕ್ಲೀನಿಂಗ್ ಆಯಿತು. ಆಮೇಲೆ ‘ಹಳದಿ ಇಂಕ್ ಖಾಲಿ’ ಎಂದು ತೋರಿಸಿ ಪ್ರಿಂಟರ್ ನಿಂತೇಹೋಯಿತು. ನನಗೆ ಬೇಕಿದ್ದದ್ದು ಬರೀ ಕಪ್ಪು ಅಕ್ಷರ. ಹಳದಿ ಎಲ್ಲಿ ಹೋಯಿತು?

ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಜೆರಾಕ್ಸ್ ಅಂಗಡಿ ಬಾಗಿಲು ತೆರೆಯುವುದನ್ನೇ ಕಾದು ನಿಂತೆ. ಅವಳ ಕಣ್ಣಲ್ಲಿ ನೀರಿತ್ತು. ಅವತ್ತಿನಿಂದ ಈ ಯಂತ್ರ ಒಳಗೆ ಏನು ಮಾಡುತ್ತದೆ ಎಂದು ತಿಳಿಯಲು ಕೂತೆ. ಮ್ಯಾನುಯಲ್ ಪೂರ್ತಿ ಓದಿದೆ, ರಿಪೇರಿ ಮಾಡುವವರ ಪಕ್ಕ ಕೂತು ನೋಡಿದೆ. ಈಗ ನಮ್ಮ ಮನೆಯಲ್ಲಿ ಪಾಲಿಸುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಇಂಕ್‌ಜೆಟ್ ಪ್ರಿಂಟರ್ ಇರುವವರಿಗೆ. ಇಂಕ್ ಡಬ್ಬಿಯನ್ನೇ ಬದಲಿಸುವ ಕಾರ್ಟ್ರಿಡ್ಜ್ ಆದರೂ ಸರಿ, ಬಾಟಲಿಯಿಂದ ಇಂಕ್ ತುಂಬುವ ಇಂಕ್ ಟ್ಯಾಂಕ್ ಆದರೂ ಸರಿ.

ಮೊದಲು ಆ ಹಳದಿ ಇಂಕ್ ಎಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ. ಪ್ರಿಂಟರ್‌ನ ಹೆಡ್‌ನಲ್ಲಿ (ಹಾಳೆಯ ಮೇಲೆ ಇಂಕ್ ಸಿಂಪಡಿಸುವ ಭಾಗ) ನೂರಾರು ತೂತುಗಳಿರುತ್ತವೆ. ಇವಕ್ಕೆ ನಾಝಲ್ ಅನ್ನುತ್ತಾರೆ. ಒಂದೊಂದೂ ಕೂದಲೆಳೆಗಿಂತ ಸಣ್ಣದು. ಗಾಳಿ ತಾಗಿದರೆ ಅಲ್ಲಿನ ಇಂಕ್ ಒಣಗಿ ತೂತು ಕಟ್ಟುತ್ತದೆ. ಅದನ್ನು ಬಿಡಿಸಲು ಪ್ರಿಂಟರ್ ಒಂದು ಪುಟ್ಟ ಪಂಪ್‌ನಿಂದ ಇಂಕ್ ಎಳೆದು ಕೆಳಗಿರುವ ಸ್ಪಂಜಿನಂಥ ಪ್ಯಾಡ್‌ಗೆ ಸುರಿಯುತ್ತದೆ. ಇದೇ ಹೆಡ್ ಕ್ಲೀನಿಂಗ್. ಹೆಚ್ಚಿನ ಪ್ರಿಂಟರ್‌ಗಳಲ್ಲಿ ಕಟ್ಟಿರುವುದು ಕಪ್ಪು ಮಾತ್ರವಾದರೂ ಎಲ್ಲ ಬಣ್ಣವೂ ಒಟ್ಟಿಗೆ ಹೋಗುತ್ತದೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2013ರಲ್ಲಿ ಅಪರೂಪಕ್ಕೊಮ್ಮೆ ಬಳಸುವ ಮನೆಯ ಪ್ರಿಂಟರ್‌ಗಳನ್ನು ಪರೀಕ್ಷಿಸಿತ್ತು. ಅನೇಕ ಮಾಡೆಲ್‌ಗಳಲ್ಲಿ ಇಂಕ್‌ನ ಅರ್ಧ ಅಥವಾ ಅದಕ್ಕೂ ಕಡಿಮೆ ಪಾಲು ಮಾತ್ರ ಹಾಳೆಗೆ ತಲುಪಿತ್ತು. ಹಾಗಾಗಿ ಇಂಕ್ ಉಳಿಸಬೇಕು ಅಂದರೆ ಮೊದಲು ಕ್ಲೀನಿಂಗ್ ಕಡಿಮೆ ಮಾಡಬೇಕು. ಕಡಿಮೆ ಪ್ರಿಂಟ್ ಮಾಡುವ ಮಾತು ಆಮೇಲೆ.

ಹೆಜ್ಜೆ 1: ಗೋಡೆಯ ಸ್ವಿಚ್ ಮುಟ್ಟಬೇಡಿ

ನಮ್ಮ ಮನೆಗಳಲ್ಲಿ ಕೆಲಸ ಮುಗಿದ ಕೂಡಲೇ ಪ್ಲಗ್ ಸ್ವಿಚ್ ಆಫ್ ಮಾಡುವ ಅಭ್ಯಾಸ. ಮಿಕ್ಸಿಗೆ, ಇಸ್ತ್ರಿ ಪೆಟ್ಟಿಗೆಗೆ ಅದು ಸರಿ. ಪ್ರಿಂಟರ್‌ಗೆ ಅಲ್ಲ. ಪ್ರಿಂಟರ್ ಮೇಲಿರುವ ಪವರ್ ಬಟನ್ ಒತ್ತಿದಾಗ ಹೆಡ್ ನಿಧಾನಕ್ಕೆ ಮೂಲೆಗೆ ಹೋಗಿ ಒಂದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಸಾಮಾನ್ಯವಾಗಿ ಅದು ಬಲಬದಿಯ ಮೂಲೆ. ಆ ಮುಚ್ಚಳ ನಾಝಲ್‌ಗೆ ಗಾಳಿ ತಾಗದಂತೆ ನೋಡಿಕೊಳ್ಳುತ್ತದೆ. ನಡುವೆ ಗೋಡೆಯ ಸ್ವಿಚ್ ಆಫ್ ಮಾಡಿದರೆ ಹೆಡ್ ಎಲ್ಲಿದೆಯೋ ಅಲ್ಲೇ ಬಾಯಿ ತೆರೆದು ನಿಲ್ಲುತ್ತದೆ. ಮತ್ತೆ ಆನ್ ಮಾಡಿದಾಗ ಪ್ರಿಂಟರ್ ತಾನಾಗಿಯೇ ಕ್ಲೀನಿಂಗ್ ಶುರು ಮಾಡುತ್ತದೆ.

ಆದ್ದರಿಂದ ಮೊದಲು ಬಟನ್ ಒತ್ತಿ, ದೀಪ ಮಿನುಗುವುದು ಪೂರ್ತಿ ನಿಲ್ಲಲಿ. ಆಮೇಲೆ ಬೇಕಿದ್ದರೆ ಗೋಡೆಯ ಸ್ವಿಚ್. ನಾನು ಸ್ವಿಚ್ ಪಕ್ಕ ‘ಮೊದಲು ಬಟನ್’ ಎಂದು ಒಂದು ಚೀಟಿ ಅಂಟಿಸಿದ್ದೇನೆ. ಮನೆಯಲ್ಲಿ ಎಲ್ಲರೂ ಬಳಸುವ ಯಂತ್ರ, ಅಲ್ವಾ?

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ನಮ್ಮ ಕೈಯಲ್ಲಿಲ್ಲ. ಇಂಕ್‌ಜೆಟ್ ಪ್ರಿಂಟರ್ ಪ್ರಿಂಟ್ ಮಾಡುವಾಗ ಸುಮಾರು 10ರಿಂದ 20 ವ್ಯಾಟ್ ಮಾತ್ರ ಎಳೆಯುತ್ತದೆ. ಹಾಗಾಗಿ ಯುಪಿಎಸ್ ಅಥವಾ ಮನೆಯ ಇನ್ವರ್ಟರ್ ಲೈನ್‌ಗೆ ಧೈರ್ಯವಾಗಿ ಹಾಕಬಹುದು. ಲೇಸರ್ ಪ್ರಿಂಟರ್‌ ಮಾತ್ರ ಸಣ್ಣ ಯುಪಿಎಸ್‌ಗೆ ಹಾಕಬೇಡಿ. ಅದರ ಒಳಗೆ ಹಾಳೆಯನ್ನು ಬಿಸಿ ಮಾಡುವ ಭಾಗ ನೂರಾರು ವ್ಯಾಟ್ ಎಳೆಯುತ್ತದೆ.

ಇನ್ನೊಂದು ಮಾತು. ದಿನಕ್ಕೆ ನಾಲ್ಕು ಸಲ ಆನ್, ಆಫ್ ಮಾಡಿದರೂ ಪ್ರತಿ ಸಲ ಸ್ವಲ್ಪ ಇಂಕ್ ಹೋಗಬಹುದು. ಕೆಲಸಗಳನ್ನು ಕೂಡಿಟ್ಟುಕೊಂಡು ಒಂದೇ ಸಲ ಪ್ರಿಂಟ್ ಮಾಡಿ.

ಹೆಜ್ಜೆ 2: ಗೆರೆ ಬಂದರೆ ಕ್ಲೀನಿಂಗ್‌ಗೆ ಮೊದಲು ನಾಝಲ್ ಚೆಕ್

ಎಲ್ಲಕ್ಕಿಂತ ಜಾಸ್ತಿ ಇಂಕ್ ಉಳಿಸಿದ್ದು ಈ ಹೆಜ್ಜೆ. ಪ್ರಿಂಟ್‌ನಲ್ಲಿ ಗೆರೆ ಕಂಡರೆ, ಬಣ್ಣ ಬದಲಾದರೆ, ಕೈ ಸೀದಾ ಹೆಡ್ ಕ್ಲೀನಿಂಗ್ ಬಟನ್‌ಗೆ ಹೋಗುತ್ತದೆ. ಹಾಗೆ ಮಾಡಬೇಡಿ. ಮೊದಲು ನಾಝಲ್ ಚೆಕ್ ಕೊಡಿ. ಪ್ರಿಂಟರ್ ಪ್ರಾಪರ್ಟೀಸ್‌ನ ಮೇಂಟೆನೆನ್ಸ್ ಭಾಗದಲ್ಲಿ ಅದು ಸಿಗುತ್ತದೆ. ಒಂದೊಂದು ಬಣ್ಣಕ್ಕೂ ಸಣ್ಣ ಗೆರೆಗಳ ಒಂದು ಚೌಕ ಬರುತ್ತದೆ. ಇದಕ್ಕೆ ಹೋಗುವ ಇಂಕ್ ತೀರಾ ಕಡಿಮೆ. ಒಂದು ಬದಿ ಖಾಲಿ ಇರುವ ಹಳೆಯ ಹಾಳೆಯಲ್ಲೇ ಮಾಡಿ. ಅದೇ ಹಾಳೆಯನ್ನು ತಲೆಕೆಳಗು ಮಾಡಿ ಹಾಕಿದರೆ ಇನ್ನೊಂದು ಸಲಕ್ಕೂ ಜಾಗ ಇರುತ್ತದೆ.

ಈಗ ನೋಡಿ. ಎಲ್ಲ ಗೆರೆಗಳೂ ತುಂಡಾಗದೆ ಬಂದಿದ್ದರೆ ಹೆಡ್ ಚೆನ್ನಾಗಿದೆ ಎಂದರ್ಥ. ತಪ್ಪು ಬೇರೆ ಕಡೆ ಇದೆ. ಹೆಡ್ ಅಲೈನ್‌ಮೆಂಟ್ ತಪ್ಪಿರಬಹುದು, ಪೇಪರ್ ಟೈಪ್ ತಪ್ಪು ಆಯ್ಕೆ ಆಗಿರಬಹುದು, ಫೈಲ್‌ನಲ್ಲೇ ಚಿತ್ರ ಮಸುಕಾಗಿರಬಹುದು. ಇದಕ್ಕೆಲ್ಲ ಎಷ್ಟು ಕ್ಲೀನಿಂಗ್ ಮಾಡಿದರೂ ಸುಮ್ನೆ ಇಂಕ್ ನಷ್ಟ.

ಗೆರೆಗಳು ನಡುನಡುವೆ ತುಂಡಾಗಿದ್ದರೆ ಒಂದು ಸಲ ಕ್ಲೀನಿಂಗ್ ಮಾಡಿ, ಮತ್ತೆ ನಾಝಲ್ ಚೆಕ್. ಇನ್ನೂ ಸರಿಯಾಗದಿದ್ದರೆ ಇನ್ನೊಂದೇ ಸಲ. ಮೂರನೆಯ ಸಲ ಬೇಡ. ಬಟನ್‌ನಿಂದ ಪ್ರಿಂಟರ್ ಆಫ್ ಮಾಡಿ, 12 ಗಂಟೆ ಹಾಗೇ ಬಿಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಎಷ್ಟೋ ಸಲ ನಾಝಲ್‌ನಲ್ಲಿ ಕಟ್ಟಿರುವುದು ಒಣಗಿದ ಇಂಕ್ ಅಲ್ಲ, ಗಾಳಿಯ ಗುಳ್ಳೆ. ಮೇಲಿಂದ ಮೇಲೆ ಪಂಪ್ ಎಳೆದರೆ ಗುಳ್ಳೆ ಇನ್ನೂ ಹೆಚ್ಚಾಗಬಹುದು. ಸುಮ್ಮನೆ ಬಿಟ್ಟರೆ ತಾನೇ ಅಡಗುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ನಾಝಲ್ ಚೆಕ್ ಮಾಡಿದಾಗ ಪೂರ್ತಿ ಗೆರೆ ಬಂದಿದ್ದನ್ನು ನಾನೇ ಎರಡು ಸಲ ನೋಡಿದ್ದೇನೆ. ಅವತ್ತು ರಾತ್ರಿ ನನಗೆ ಇದು ಗೊತ್ತಿದ್ದರೆ ಆ ಹಳದಿ ಉಳಿಯುತ್ತಿತ್ತು.

ಇಂಕ್ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಪವರ್ ಕ್ಲೀನಿಂಗ್, ಡೀಪ್ ಕ್ಲೀನಿಂಗ್ ಎಂಬ ಇನ್ನೊಂದು ಆಯ್ಕೆ ಇರುತ್ತದೆ. ಅದು ಕೊನೆಯ ಅಸ್ತ್ರ. ತುಂಬಾ ಇಂಕ್ ತಿನ್ನುತ್ತದೆ. ಟ್ಯಾಂಕ್ ಕಡೇಪಕ್ಷ ಮೂರನೇ ಒಂದು ಭಾಗ ತುಂಬಿಲ್ಲದಿದ್ದರೆ ಮಾಡಲೇಬೇಡಿ. ಕೊಳವೆಯೊಳಗೆ ಗಾಳಿ ಸೇರಿಕೊಂಡು ಕೆಲಸ ಕೆಡುತ್ತದೆ.

ಹೆಡ್ ಕಾರ್ಟ್ರಿಡ್ಜ್‌ನಲ್ಲೇ ಇರುವ ಮಾಡೆಲ್‌ಗಳೂ ಇವೆ. ಕಾರ್ಟ್ರಿಡ್ಜ್ ಹೊರತೆಗೆದಾಗ ಅಡಿಯಲ್ಲಿ ಸಣ್ಣ ಲೋಹದ ಪಟ್ಟಿ, ಬದಿಯಲ್ಲಿ ತಾಮ್ರದ ಚುಕ್ಕೆಗಳು ಕಂಡರೆ ನಿಮ್ಮದು ಆ ಥರದ್ದು. ನೂಲು ಬಿಡದ ಬಟ್ಟೆಯನ್ನು ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ಒದ್ದೆ ಮಾಡಿ ಹಿಂಡಿ, ಮಡಿಸಿ ಇಡಿ. ಅಡಿಯ ಪಟ್ಟಿಯನ್ನು ಅದರ ಮೇಲೆ ಒಂದು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಬಟ್ಟೆಗೆ ಇಂಕ್ ಇಳಿಯಲು ಶುರುವಾದರೆ ತೂತು ಬಿಟ್ಟಿದೆ ಎಂದು ತಿಳಿಯಬಹುದು. ಉಜ್ಜಬೇಡಿ, ತಾಮ್ರದ ಚುಕ್ಕೆಗೆ ಬೆರಳು ತಾಗಿಸಬೇಡಿ. ಹೆಡ್ ಪ್ರಿಂಟರ್‌ನಲ್ಲೇ ಕೂತಿರುವ ಮಾಡೆಲ್‌ಗಳಿಗೆ ಈ ಉಪಾಯ ಮಾಡಲು ಹೋಗಬೇಡಿ.

ಕ್ಲೀನಿಂಗ್‌ನ ಇಂಕ್ ಕುಡಿದು ಕುಡಿದು ಕೆಳಗಿನ ಪ್ಯಾಡ್ ಒಂದು ದಿನ ತುಂಬುತ್ತದೆ. ಆಗ ಪ್ರಿಂಟರ್ ಕೆಲಸ ನಿಲ್ಲಿಸುತ್ತದೆ. ಈಚಿನ ಕೆಲವು ಮಾಡೆಲ್‌ಗಳಲ್ಲಿ ಮೇಂಟೆನೆನ್ಸ್ ಬಾಕ್ಸ್ ಎಂಬ ಡಬ್ಬಿ ಇದೆ, ಅದನ್ನು ನಾವೇ ಬದಲಾಯಿಸಬಹುದು. ಹಳೆಯವುಗಳನ್ನು ಸರ್ವಿಸ್‌ಗೆ ಕೊಡಬೇಕು. ಪ್ಯಾಡ್ ಬದಲಿಸದೆ ಅದು ಎಷ್ಟು ತುಂಬಿದೆ ಎಂದು ಲೆಕ್ಕ ಇಡುವ ಕೌಂಟರನ್ನು ಮಾತ್ರ ರೀಸೆಟ್ ಮಾಡುವ ಪುಕ್ಕಟೆ ಸಾಫ್ಟ್‌ವೇರ್‌ಗಳು ಸಿಗುತ್ತವೆ. ಅವನ್ನು ನಂಬಬೇಡಿ. ತುಂಬಿದ ಪ್ಯಾಡ್ ತುಂಬಿದ್ದೇ, ಒಂದು ದಿನ ಇಂಕ್ ಮೇಜಿನ ಮೇಲೆ ಹರಿಯುತ್ತದೆ. ಆ ಸಾಫ್ಟ್‌ವೇರ್ ಜೊತೆ ಕಂಪ್ಯೂಟರ್‌ಗೆ ವೈರಸ್ ಬರುವ ಭಯವೂ ಇದೆ.

ಹೆಜ್ಜೆ 3: ವಾರಕ್ಕೊಂದು ಬಣ್ಣದ ಹಾಳೆ

ತಿಂಗಳುಗಟ್ಟಲೆ ಮುಟ್ಟದೆ ಇಟ್ಟರೆ ಇಂಕ್ ಉಳಿಯುವುದಿಲ್ಲ, ಒಣಗುತ್ತದೆ. ಬಳ್ಳಾರಿ, ಕಲಬುರಗಿ ಕಡೆಯ ಬೇಸಿಗೆಯಲ್ಲಂತೂ ಇನ್ನೂ ಬೇಗ. ವಾರಕ್ಕೊಮ್ಮೆ ನಾಲ್ಕೂ ಬಣ್ಣ ಬರುವ ಒಂದು ಹಾಳೆ ಪ್ರಿಂಟ್ ಮಾಡಿ. ನಾವು ಭಾನುವಾರ ಮಗಳ ವಾರದ ವೇಳಾಪಟ್ಟಿಯನ್ನು ಬಣ್ಣದಲ್ಲಿ ಪ್ರಿಂಟ್ ಮಾಡುತ್ತೇವೆ. ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣ. ಅವಳಿಗೂ ಖುಷಿ, ಹೆಡ್ ಕೂಡ ಹಸಿಯಾಗಿರುತ್ತದೆ.

ಹೆಜ್ಜೆ 4: ಸೆಟ್ಟಿಂಗ್ ಒಂದೇ ಸಲ, ಸರಿಯಾದ ಜಾಗದಲ್ಲಿ

ಪ್ರತಿ ಸಲ ಪ್ರಿಂಟ್ ಕೊಡುವಾಗ ಡ್ರಾಫ್ಟ್ (ಕಡಿಮೆ ಇಂಕ್‌ನ ತಿಳಿ ಪ್ರಿಂಟ್) ಆಯ್ಕೆ ಮಾಡಲು ಯಾರಿಗೂ ನೆನಪಿರುವುದಿಲ್ಲ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ತೆರೆಯಿರಿ. ನಿಮ್ಮ ಪ್ರಿಂಟರ್ ಆರಿಸಿ, ಪ್ರಿಂಟಿಂಗ್ ಪ್ರಿಫರೆನ್ಸಸ್‌ಗೆ ಹೋಗಿ. ಅಲ್ಲಿ ಬದಲಿಸಿದ್ದು ಮುಂದೆ ಎಲ್ಲ ಪ್ರಿಂಟ್‌ಗೂ ಅನ್ವಯಿಸುತ್ತದೆ. ಗುಣಮಟ್ಟ ಡ್ರಾಫ್ಟ್ ಅಥವಾ ಎಕಾನಮಿ ಇರಲಿ, ಬಣ್ಣ ಗ್ರೇಸ್ಕೇಲ್ ಇರಲಿ. ‘ಬ್ಲ್ಯಾಕ್ ಇಂಕ್ ಓನ್ಲಿ’ ಎಂಬ ಆಯ್ಕೆ ಇದ್ದರೆ ಅದನ್ನೇ ಹಾಕಿ. ಬರೀ ಗ್ರೇಸ್ಕೇಲ್ ಅಂದಾಗ ಕೆಲವು ಪ್ರಿಂಟರ್‌ಗಳು ಮೂರು ಬಣ್ಣ ಬೆರೆಸಿ ಬೂದು ಮಾಡುತ್ತವೆ.

ಪೇಪರ್ ಟೈಪ್ ಪ್ಲೇನ್ ಇದೆಯಾ ನೋಡಿ. ಯಾವಾಗಲೋ ಫೋಟೋ ಪ್ರಿಂಟ್ ಮಾಡಿದಾಗ ಫೋಟೋ ಪೇಪರ್ ಎಂದು ಹಾಕಿ ಮರೆತಿದ್ದರೆ, ಸಾದಾ ಹಾಳೆಯ ಮೇಲೂ ಅದು ದಪ್ಪಗೆ ಇಂಕ್ ಸುರಿಯುತ್ತದೆ. ಹಾಳೆ ಒದ್ದೆಯಾಗಿ ಸುಕ್ಕುಗಟ್ಟಿ ಬರುತ್ತಿದ್ದರೆ ಇದೇ ಕಾರಣ ಇರಬಹುದು.

ಕನ್ನಡಕ್ಕೆ ಬೇರೆ ಎಚ್ಚರ ಬೇಕು. ಡ್ರಾಫ್ಟ್‌ನಲ್ಲಿ 10 ಪಾಯಿಂಟ್‌ನ ಕನ್ನಡ ಓದಲು ಕಷ್ಟ. ಒತ್ತಕ್ಷರಗಳು ಮಸುಕಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮತ್ತೆ ಪ್ರಿಂಟ್ ಮಾಡಬೇಕಾಗುತ್ತದೆ. 12 ಪಾಯಿಂಟ್‌ಗಿಂತ ಕೆಳಗೆ ಇಳಿಯಬೇಡಿ. ಹಳೆಯ ನುಡಿ, ಬರಹ ಫಾಂಟ್‌ನ ಫೈಲ್ ಪೆನ್‌ಡ್ರೈವ್‌ನಲ್ಲಿ ಬಂದಿದ್ದರೆ ತೆರೆದು ಓದಿ ನೋಡದೆ ಪ್ರಿಂಟ್ ಕೊಡಬೇಡಿ. ಆ ಫಾಂಟ್ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಹಾಳೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಕಳಿಸುವವರಿಗೇ ಪಿಡಿಎಫ್ ಮಾಡಿ ಕಳಿಸಲು ಹೇಳಿ.

ಹೆಜ್ಜೆ 5: ವಾಟ್ಸಾಪ್ ಫೋಟೋಗಳ ಬೂದು ಬಣ್ಣ

ಮಕ್ಕಳಿರುವ ಮನೆಯಲ್ಲಿ ಇಂಕ್ ಹೋಗುವ ದೊಡ್ಡ ದಾರಿ ಇದು. ಶಾಲೆಯ ಗುಂಪಿಗೆ ನೋಟ್ಸ್ ಫೋಟೋ ಬರುತ್ತದೆ. ಕಣ್ಣಿಗೆ ಬಿಳಿ ಹಾಳೆ ಎಂದು ಕಾಣುತ್ತದೆ. ನಿಜವಾಗಿ ಅದು ಬಿಳಿಯಲ್ಲ. ಟ್ಯೂಬ್‌ಲೈಟ್ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಹಾಳೆ ಬೂದು ಅಥವಾ ಹಳದಿ ಛಾಯೆಯಲ್ಲಿರುತ್ತದೆ. ಪ್ರಿಂಟರ್‌ಗೆ ಬಿಳಿ ಎಂದರೆ ಇಂಕ್ ಹಾಕದೆ ಬಿಡುವುದು. ಬೂದು ಎಂದರೆ ಹಾಳೆ ಪೂರ್ತಿ ಚುಕ್ಕೆ ಇಡುವುದು. ಹತ್ತು ಸಾಲು ಬರಹಕ್ಕೆ ಇಡೀ ಹಾಳೆಗೆ ಬಣ್ಣ ಬಳಿದ ಹಾಗಾಗುತ್ತದೆ.

ಪ್ರಿಂಟ್ ಕೊಡುವ ಮೊದಲು ಫೋನಿನ ಗ್ಯಾಲರಿಯಲ್ಲೇ ಎಡಿಟ್ ತೆರೆಯಿರಿ. ಮೇಜು, ಬೆರಳು, ನೆರಳು ಇರುವ ಅಂಚನ್ನು ಕತ್ತರಿಸಿ. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ. ಬ್ರೈಟ್‌ನೆಸ್ ಹೆಚ್ಚಿಸಿ, ಆಮೇಲೆ ಕಾಂಟ್ರಾಸ್ಟ್ ಹೆಚ್ಚಿಸಿ. ಹಿನ್ನೆಲೆ ಪೂರ್ತಿ ಬಿಳಿಯಾಗುವವರೆಗೆ ಎಳೆಯಿರಿ. ನೀವೇ ಫೋಟೋ ತೆಗೆಯುವುದಾದರೆ ಗೂಗಲ್ ಡ್ರೈವ್‌ನ ಸ್ಕ್ಯಾನ್ ಬಳಸಿ. ಅದು ಹಿನ್ನೆಲೆಯನ್ನು ತಾನೇ ಬಿಳಿ ಮಾಡುತ್ತದೆ. ನಾನು ಮಗಳ ಟೀಚರ್‌ಗೆ ಒಂದು ದಿನ ಇದನ್ನು ತೋರಿಸಿಕೊಟ್ಟೆ. ಈಗ ಅವರು ಸ್ಕ್ಯಾನ್ ಮಾಡಿಯೇ ಕಳಿಸುತ್ತಾರೆ. ಇಡೀ ತರಗತಿಯ ಮನೆಗಳಲ್ಲಿ ಇಂಕ್ ಉಳಿಯಿತು.

ಹೆಜ್ಜೆ 6: ಪ್ರಿವ್ಯೂ ನೋಡಿ, ಬೇಕಾದಷ್ಟೇ ಕೊಡಿ

ಬ್ಯಾಂಕ್ ಸ್ಟೇಟ್‌ಮೆಂಟ್‌ನ ಕೊನೆಯ ಹಾಳೆಯಲ್ಲಿ ಬರೀ ಒಂದು ಸಾಲು ಇರುತ್ತದೆ. ವೆಬ್ ಪುಟದ ಕೊನೆಗೆ ಎರಡು ಹಾಳೆ ಜಾಹೀರಾತು. ಪುಟದ ಸಂಖ್ಯೆ ಹಾಕುವ ಜಾಗದಲ್ಲಿ 1-2 ಎಂದು ಬರೆದರೆ ಅಷ್ಟೇ ಬರುತ್ತದೆ. ಇ-ಆಧಾರ್‌ನಲ್ಲಿ ಹೆಚ್ಚಿನವರಿಗೆ ಬೇಕಾಗುವುದು ಕೆಳಗಿನ ಕಾರ್ಡ್ ಭಾಗ ಮಾತ್ರ. ಅಡೋಬಿ ರೀಡರ್‌ನ ಮೆನುವಿನಲ್ಲಿ ಟೇಕ್ ಎ ಸ್ನ್ಯಾಪ್‌ಶಾಟ್ ಇದೆ. ಅದರಿಂದ ಆ ಭಾಗವನ್ನಷ್ಟೇ ಆರಿಸಿ ಪ್ರಿಂಟ್ ಕೊಡಿ. ಅಳತೆ ಆಕ್ಚುಯಲ್ ಸೈಜ್ ಇರಲಿ, ಇಲ್ಲದಿದ್ದರೆ ಕಾರ್ಡ್ ಹಾಳೆಯಷ್ಟು ದೊಡ್ಡದಾಗಿ ಬರುತ್ತದೆ.

ಕೆಲವು ಪ್ರಿಂಟ್ ಬೇಕೇ ಇಲ್ಲ. ರೈಲಿನ ಇ-ಟಿಕೆಟ್‌ಗೆ ಫೋನಿನಲ್ಲಿರುವ ಎಸ್‌ಎಂಎಸ್ ಮತ್ತು ಮೂಲ ಗುರುತಿನ ಚೀಟಿ ಸಾಕು. ಡಿಎಲ್, ಆರ್‌ಸಿ ಡಿಜಿಲಾಕರ್‌ನಲ್ಲಿದ್ದರೆ ಅದಕ್ಕೆ ಮೂಲ ದಾಖಲೆಯಷ್ಟೇ ಮಾನ್ಯತೆ ಇದೆ. ಸಿಇಟಿಯಂಥ ಪರೀಕ್ಷೆಯ ಪ್ರವೇಶ ಪತ್ರ ಮಾತ್ರ ಪ್ರಿಂಟ್ ಬೇಕೇ ಬೇಕು. ಅದನ್ನು ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ.

ಹೆಜ್ಜೆ 7: ಹಾಳೆಗೆ ಥಂಡಿ ತಾಗಬಾರದು

ಮಳೆಗಾಲದಲ್ಲಿ ಡಬ್ಬಿಯ ಹೊರಗಿಟ್ಟ ಹಪ್ಪಳ ಏನಾಗುತ್ತದೆ? ಟ್ರೇಯಲ್ಲಿ ಬಿಟ್ಟ ಹಾಳೆಗೂ ಅದೇ ಗತಿ. ಪಸೆ ಹೀರಿಕೊಂಡು ಮೆತ್ತಗಾಗುತ್ತದೆ, ಅಂಚು ಸುರುಟಿಕೊಳ್ಳುತ್ತದೆ. ಎರಡು ಮೂರು ಹಾಳೆ ಒಟ್ಟಿಗೆ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಮಲೆನಾಡು, ಕರಾವಳಿಯವರು ಬಂಡಲನ್ನು ಅದರ ಕವರ್ ಸಮೇತ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹೊಸ ಚಪ್ಪಲಿ, ಬ್ಯಾಗ್ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ. ಟ್ರೇಗೆ ಬೇಕಾದಷ್ಟೇ ಹಾಳೆ ಹಾಕಿ, ಕೆಲಸ ಮುಗಿದ ಮೇಲೆ ಉಳಿದದ್ದನ್ನು ಮತ್ತೆ ಚೀಲಕ್ಕೆ. ಹಾಕುವ ಮೊದಲು ಇಸ್ಪೀಟ್ ಎಲೆಯಂತೆ ಬೀಸಿ ಬಿಡಿಸಿ. ಬದಿಯ ಗೈಡ್ ಹಾಳೆಗೆ ತಾಗಿರಬೇಕು, ಒತ್ತಬಾರದು.

ಹಾಳೆ ಕೊಳ್ಳುವಾಗ ಅಡುಗೆಮನೆಯ ತಕ್ಕಡಿ ಸಹಾಯಕ್ಕೆ ಬರುತ್ತದೆ. ಎ4 ಹಾಳೆ ಒಂದು ಚದರ ಮೀಟರಿನ 16ನೇ ಒಂದು ಭಾಗ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಹಾಗಾಗಿ 80 ಜಿಎಸ್‌ಎಂನ ಒಂದು ಹಾಳೆ 5 ಗ್ರಾಂ, 500 ಹಾಳೆಯ ಬಂಡಲ್ ಸುಮಾರು ಎರಡೂವರೆ ಕಿಲೋ. 70 ಜಿಎಸ್‌ಎಂ ಆದರೆ ಸುಮಾರು 2.2 ಕಿಲೋ. ಕವರ್ ಮೇಲೆ 80 ಎಂದು ಬರೆದು ತೂಕ ತೀರಾ ಕಡಿಮೆ ಬಂದರೆ ಹಾಳೆ ತೆಳು ಇದೆ, ಅಥವಾ ಎಣಿಕೆ ಕಡಿಮೆ ಇದೆ.

ಹಾಳೆ ಸಿಕ್ಕಿಕೊಂಡರೆ ಪ್ರಿಂಟರ್ ಆಫ್ ಮಾಡಿ, ಎರಡೂ ಕೈಯಿಂದ ಮೆಲ್ಲಗೆ ಎಳೆಯಿರಿ. ಒಂದು ಚೂರೂ ಒಳಗೆ ಉಳಿಯಬಾರದು. ಹಿಂದಿನಿಂದ ಹಾಳೆ ಹಾಕುವ ಪ್ರಿಂಟರ್ ಆದರೆ ಟಾರ್ಚ್ ಬಿಟ್ಟು ನೋಡಿ. ಪೆನ್ಸಿಲ್, ಹೇರ್‌ಪಿನ್ ಬಿದ್ದಿರುವುದು ಸಾಮಾನ್ಯ.

ಹೆಜ್ಜೆ 8: ಹಾಳೆ ಉಗುಳಲು ಶುರು ಮಾಡಿದಾಗ

ಪ್ರಿಂಟ್ ನಡುವೆ ಕರೆಂಟ್ ಹೋಗಿ ಬಂದರೆ ಕೆಲವೊಮ್ಮೆ ಹೀಗಾಗುತ್ತದೆ. ಒಂದೊಂದು ಹಾಳೆಗೂ ಒಂದೊಂದು ಸಾಲು ಅರ್ಥವಿಲ್ಲದ ಗುರುತು ಹಾಕುತ್ತಾ ಪ್ರಿಂಟರ್ ಇಡೀ ಕಟ್ಟು ಹೊರಗೆ ಹಾಕುತ್ತದೆ. ಕಂಪ್ಯೂಟರ್ ಕಡೆ ಓಡಬೇಡಿ. ಮೊದಲು ಟ್ರೇಯಿಂದ ಹಾಳೆ ತೆಗೆಯಿರಿ. ಒಳಗೆ ಹೋಗುತ್ತಿರುವುದನ್ನು ಎಳೆಯದೆ ಉಳಿದದ್ದನ್ನು ಮಾತ್ರ ತೆಗೆಯಿರಿ. ಪ್ರಿಂಟರ್ ಹಾಳೆ ಇಲ್ಲವೆಂದು ನಿಲ್ಲುತ್ತದೆ. ಈಗ ನಿಧಾನಕ್ಕೆ ಕಂಪ್ಯೂಟರ್‌ನಲ್ಲಿ ಪ್ರಿಂಟ್ ಕ್ಯೂ (ಪ್ರಿಂಟ್‌ಗೆ ಕಾದಿರುವ ಕೆಲಸಗಳ ಪಟ್ಟಿ) ತೆರೆದು ಎಲ್ಲವನ್ನೂ ಕ್ಯಾನ್ಸಲ್ ಮಾಡಿ. ಪ್ರಿಂಟರನ್ನು ಬಟನ್‌ನಿಂದ ಆಫ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಆಮೇಲೆ ಪ್ರಿಂಟರ್ ಆನ್ ಮಾಡಿ. ಕ್ಯೂ ಖಾಲಿ ಇದೆ ಎಂದು ನೋಡಿಕೊಂಡೇ ಹಾಳೆ ಹಾಕಿ.

ಪ್ರಿಂಟ್ ಬರಲಿಲ್ಲವೆಂದು ಮತ್ತೆ ಮತ್ತೆ ಪ್ರಿಂಟ್ ಒತ್ತುವುದೂ ಬೇಡ. ಒತ್ತಿದ್ದೆಲ್ಲ ಕ್ಯೂನಲ್ಲಿ ಕಾಯುತ್ತಿರುತ್ತದೆ. ವೈಫೈ ಬಂದ ಕೂಡಲೇ ಐದೂ ಪ್ರತಿ ಬರುತ್ತದೆ.

ಹೆಜ್ಜೆ 9: ಎರಡೂ ಬದಿ

ಕೈಯಿಂದ ಹಾಳೆ ತಿರುಗಿಸಿ ಹಾಕುವ ಪ್ರಿಂಟರ್ ಆದರೆ, ಹೇಗೆ ತಿರುಗಿಸಬೇಕು ಎಂಬುದೇ ಗೊಂದಲ. ಒಂದು ಹಾಳೆಯ ಮೇಲ್ತುದಿಯಲ್ಲಿ ಪೆನ್ಸಿಲ್‌ನಿಂದ ಗುಣಾಕಾರ ಚಿಹ್ನೆ ಹಾಕಿ. ಆ ಬದಿ ನಿಮಗೆ ಕಾಣುವಂತೆ ಟ್ರೇಗೆ ಹಾಕಿ ಒಂದು ಪುಟ ಪ್ರಿಂಟ್ ಮಾಡಿ. ಅಕ್ಷರ ಚಿಹ್ನೆಯ ಬದಿಗೆ ಬಂತೋ ಹಿಂದಕ್ಕೆ ಬಂತೋ, ಚಿಹ್ನೆ ಮೇಲಿದೆಯೋ ಕೆಳಗಿದೆಯೋ ನೋಡಿ. ಅದನ್ನು ಚಿತ್ರ ಬರೆದು ಪ್ರಿಂಟರ್‌ಗೆ ಅಂಟಿಸಿ. ಇನ್ನು ಯಾರೂ ತಪ್ಪುವುದಿಲ್ಲ. ಒಂದು ಬದಿಯ ಹಾಳೆಗಳನ್ನು ಮತ್ತೆ ಬಳಸುವಾಗ ಪಿನ್ ಇರುವುದು, ಮಡಿಕೆ ಬಿದ್ದದ್ದು ಬೇಡ. ಹಿಂದಿನ ಬದಿಯಲ್ಲಿ ಆಧಾರ್, ಬ್ಯಾಂಕ್ ವಿವರ ಇದ್ದರೆ ಆ ಹಾಳೆ ಮನೆಯಿಂದ ಹೊರಗೆ ಹೋಗಬಾರದು.

ಹೆಜ್ಜೆ 10: ಇಂಕ್ ಯಾವಾಗ ತುಂಬಬೇಕು, ಯಾವ ಪ್ರಿಂಟರ್ ಇರಬೇಕು

ಇಲ್ಲಿ ಎರಡು ಥರದ ಪ್ರಿಂಟರ್‌ಗೆ ಎರಡು ಬೇರೆ ಮಾತು. ಕಾರ್ಟ್ರಿಡ್ಜ್ ಪ್ರಿಂಟರ್ ‘ಇಂಕ್ ಕಡಿಮೆ’ ಎಂದರೆ ಅದು ಅಂದಾಜು ಮಾತ್ರ. ಅಕ್ಷರ ಮಸುಕಾಗುವವರೆಗೆ ಬಳಸಿ. ಟ್ಯಾಂಕ್ ಪ್ರಿಂಟರ್‌ನಲ್ಲಿ ಹಾಗೆ ಮಾಡಬೇಡಿ. ಕೆಳಗಿನ ಗೆರೆ ಮುಟ್ಟುವ ಮೊದಲೇ ತುಂಬಿಸಿ, ಇಲ್ಲದಿದ್ದರೆ ಕೊಳವೆಗೆ ಗಾಳಿ ಹೋಗುತ್ತದೆ.

ಕಾರ್ಟ್ರಿಡ್ಜ್ ಹಾಕಿದ ದಿನ ಕ್ಯಾಲೆಂಡರ್ ಮೇಲೆ ಬರೆದಿಡಿ, ಬಂದ ಹಾಳೆ ಎಣಿಸಿ. ನಮ್ಮ ಹಳೆಯ ಪ್ರಿಂಟರ್‌ನಲ್ಲಿ 900 ರೂಪಾಯಿಯ ಕಪ್ಪು ಕಾರ್ಟ್ರಿಡ್ಜ್‌ಗೆ ಸಿಕ್ಕಿದ್ದು 75 ಹಾಳೆ. ಹಾಳೆಗೆ 12 ರೂಪಾಯಿ! ಡಬ್ಬಿಯ ಮೇಲೆ ಬರೆದ ಸಂಖ್ಯೆ ನಿಲ್ಲಿಸದೆ ಪ್ರಿಂಟ್ ಮಾಡಿದಾಗಿನ ಲೆಕ್ಕ. ವಾರಕ್ಕೆ ಎರಡು ಹಾಳೆ ತೆಗೆಯುವ ಮನೆಗೆ ಅದು ಸಿಗುವುದಿಲ್ಲ.

ನನ್ನ ಅಭಿಪ್ರಾಯ ಹೀಗಿದೆ. ತಿಂಗಳಿಗೆ ಐದಾರು ಹಾಳೆ ಮಾತ್ರ ಬೇಕಾದರೆ ಜೆರಾಕ್ಸ್ ಅಂಗಡಿಯೇ ಒಳ್ಳೆಯದು. ಬರೀ ಕಪ್ಪು ಅಕ್ಷರ ಸಾಕು, ಬಳಕೆಯೂ ಅಪರೂಪ ಅನ್ನುವವರಿಗೆ ಕಪ್ಪು ಬಿಳುಪಿನ ಲೇಸರ್. ಅದರ ಟೋನರ್ ಪುಡಿ, ಒಣಗುವ ಪ್ರಶ್ನೆಯೇ ಇಲ್ಲ. ಶಾಲೆಗೆ ಹೋಗುವ ಮಕ್ಕಳಿದ್ದು ವಾರ ವಾರ ಬಣ್ಣ ಬೇಕಾದರೆ ಇಂಕ್ ಟ್ಯಾಂಕ್. ನಾವು ಕೊನೆಗೆ ಅದನ್ನೇ ತಂದೆವು.

ರಜೆಗೆ ಊರಿಗೆ ಹೋಗುವಾಗ

ಏಪ್ರಿಲ್, ಮೇ ತಿಂಗಳಲ್ಲಿ ಮನೆಗೆ ಬೀಗ ಹಾಕಿ ಹೋಗುವ ಮೊದಲು ಟ್ಯಾಂಕ್ ನೋಡಿ, ಕಡಿಮೆ ಇದ್ದರೆ ತುಂಬಿಸಿ. ಬಣ್ಣದ ಒಂದು ಹಾಳೆ ತೆಗೆದು ಬಟನ್‌ನಿಂದ ಆಫ್ ಮಾಡಿ. ಟ್ರೇ ಖಾಲಿ ಮಾಡಿ, ಹಲ್ಲಿ, ಜಿರಲೆ ಹೋಗದಂತೆ ಬಟ್ಟೆ ಮುಚ್ಚಿ. ಕಿಟಕಿಯ ಬಿಸಿಲು ಬೀಳುವ ಜಾಗದಲ್ಲಿದ್ದರೆ ಬೇರೆ ಕಡೆ ಇಡಿ, ಆದರೆ ಓರೆ ಮಾಡದೆ ಮಟ್ಟಸವಾಗಿ ಎತ್ತಿ. ವಾಪಸ್ ಬಂದ ದಿನ ಆನ್ ಮಾಡಿದಾಗ ಅದು ತಾನೇ ಸ್ವಲ್ಪ ಹೊತ್ತು ಸದ್ದು ಮಾಡುತ್ತದೆ, ಬಿಡಿ. ಸದ್ದು ನಿಂತ ಮೇಲೆ ಒಂದು ಹಳೆಯ ಹಾಳೆ ಹಾಕಿ ನಾಝಲ್ ಚೆಕ್ ಕೊಡಿ. ಗೆರೆ ಪೂರ್ತಿ ಬಂದಿದ್ದರೆ ಕ್ಲೀನಿಂಗ್ ಬೇಡ, ಸೀದಾ ಪ್ರಿಂಟ್ ಮಾಡಿ.